ಬುರುಜಿನ ಮೇಲೆ ನಿಂತು

ವಾರಗಿತ್ತಿಯ ಮಗಳ ಮದುವೆಗೆಂದು ವಿಜಯಪುರಕ್ಕೆ ಹೋದವಳು ಮೊದಲು ಮದುವೆಮನೆಗೆ ಹೋಗಲಿಲ್ಲ, ಮಲಿಕ್-ಎ-ಮೈದಾನ್ ತೋಪು ನೋಡಲು ಹೋದೆ. ಕೇಳಿದವರು ನಕ್ಕಾರು. ಆದರೆ ಮನೆ ಪಾಲಾದಾಗ ಆಡಿದ ನಾಲ್ಕು ಮಾತಿನಿಂದಾಗಿ ನಾವಿಬ್ಬರೂ ಹನ್ನೊಂದು ವರ್ಷ ಮಾತು ಬಿಟ್ಟಿದ್ದೆವು. ಲಗ್ನಪತ್ರಿಕೆ ಬಂದಾಗ ಹೋಗುವುದಿಲ್ಲವೆಂದೆ. ಯಜಮಾನರು ಕೇಳದೆ ಕರೆತಂದರು. ಅಕ್ಷತೆ ಮರುದಿನ. ಆ ಸಂಜೆ ಎಲ್ಲಾದರೂ ಕಳೆಯಬೇಕಿತ್ತು, ಅಷ್ಟೆ.

ತೋಪನ್ನು ನೀವೂ ನೋಡಿರಬಹುದು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಸುಮಾರು ಹದಿನಾಲ್ಕು ಅಡಿ ಉದ್ದ, ಐವತ್ತೈದು ಟನ್ ತೂಕ. ಅದರ ಬಾಯಿ ಆನೆಯನ್ನು ಕಚ್ಚಿ ಹಿಡಿದ ಸಿಂಹದ ಬಾಯಿ. ಸಿಡಿಸುವವನು ಬತ್ತಿಗೆ ಕಿಚ್ಚಿಟ್ಟವನೇ ಪಕ್ಕದ ನೀರಿನ ತೊಟ್ಟಿಗೆ ಹಾರಿ ತಲೆ ಮುಳುಗಿಸುತ್ತಿದ್ದನಂತೆ. ಇಲ್ಲವಾದರೆ ಕಿವಿಯೇ ಹೋಗುತ್ತಿತ್ತೆಂದು ಅಲ್ಲಿಯವರು ಹೇಳುತ್ತಾರೆ. ಕಥೆಯೇ ಇರಲಿ, ನನಗೆ ಚುರುಕ್ಕೆಂದಿತು. ಅಂದು ನಾನು ಆಡಿದ ಮಾತು ಅವಳಿಗೆಷ್ಟು ತಗುಲಿತೋ ಅರಿಯೆ. ಅವಳು ತಿರುಗಿ ಹೇಳಿದ್ದು ಮಾತ್ರ ನನಗೆ ಕೇಳಿಸಿರಲೇ ಇಲ್ಲ.

ಇಷ್ಟು ದೊಡ್ಡ ತೋಪು, ಇಷ್ಟು ದಪ್ಪ ಗೋಡೆ ಇದ್ದೂ ಊರು ಉಳಿಯಲಿಲ್ಲ. 1685ರಲ್ಲಿ ಔರಂಗಜೇಬನ ಸೈನ್ಯ ಮುತ್ತಿತು. ಒಂದು ವರ್ಷಕ್ಕೂ ಮಿಕ್ಕಿ ಮುತ್ತಿಗೆ. ಒಳಗೆ ಕಾಳಿಲ್ಲ, ಹೊರಗೆ ಬರ ಬಿದ್ದು ಮೊಘಲರ ಪಾಳೆಯದಲ್ಲೂ ಹಸಿವು. ಕೊನೆಗೆ 1686ರ ಸೆಪ್ಟೆಂಬರಿನಲ್ಲಿ ಹರೆಯದ ದೊರೆ ಸಿಕಂದರ್ ಆದಿಲ್ ಶಾಹ ತಾನಾಗಿ ಶರಣಾದ. ಗೋಡೆಯ ಎರಡೂ ಬದಿಗೆ ಜನ ಒಂದೇ ಹಸಿವಿನಿಂದ ನರಳಿದರು. ನಮ್ಮ ಹನ್ನೊಂದು ವರ್ಷವೂ ಹೀಗೇ ಅಲ್ಲವೆ?

ಮಗನಿಗೆ ಪಾಠ ಹೇಳಿಕೊಡುವಾಗ ಓದಿದ್ದು ಆಗ ನೆನಪಾಯಿತು. ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಮಾರ್ಚ್ 9ರಂದು, 'ಮಾನಿಟರ್' ಮತ್ತು 'ವರ್ಜೀನಿಯಾ' ಎಂಬ ಎರಡು ಕಬ್ಬಿಣದ ಕವಚದ ಹಡಗುಗಳು ಗಂಟೆಗಟ್ಟಲೆ ಒಂದರ ಮೇಲೊಂದು ಗುಂಡು ಹಾರಿಸಿದವು. ಯಾರ ಕವಚವೂ ಒಡೆಯಲಿಲ್ಲ. ಎರಡು ಕಡೆಯವರೂ ತಾವೇ ಗೆದ್ದೆವೆಂದರು. ಆದರೆ ಮೇ ತಿಂಗಳಿನಲ್ಲಿ ವರ್ಜೀನಿಯಾವನ್ನು ಅದರವರೇ ಸುಟ್ಟು ಸಿಡಿಸಬೇಕಾಯಿತು. ಭಾರದ ಹಡಗು, ನದಿಯಲ್ಲಿ ಮೇಲಕ್ಕೆ ಸಾಗಲು ಸಾಕಷ್ಟು ಆಳವಿರಲಿಲ್ಲ. ಮಾನಿಟರ್ ವರ್ಷದ ಕೊನೆಯ ದಿನ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಎರಡನ್ನೂ ಮುಗಿಸಿದ್ದು ವೈರಿಯ ಗುಂಡಲ್ಲ.

ಹಾಗೆಂದು ಕವಚವೇ ಬೇಡವೆನ್ನಲೇ? ಹೆಣ್ಣಾಗಿ ಹುಟ್ಟಿದವಳು ಅಷ್ಟು ಸುಲಭವಾಗಿ ಹಾಗೆನ್ನಲಾರಳು. ನೋಯಿಸುವವರ ಮುಂದೆ ಸುಮ್ಮನಿರುವುದು, ಬಾಗಿಲು ಹಾಕಿಕೊಳ್ಳುವುದು ನಮ್ಮನ್ನು ಎಷ್ಟೋ ಸಲ ಕಾಪಾಡಿದೆ. ಆದರೆ ಬುರುಜಿನ ಮೇಲೆ ನಿಂತವರಿಗೆ ಒಂದು ಅಭ್ಯಾಸ ಬಂದುಬಿಡುತ್ತದೆ. ದೂರದಿಂದ ಬರುವವರೆಲ್ಲ ಗುಂಡಿನ ಅಳತೆಗೆ ಸಿಕ್ಕುವವರು, ಸಿಗದವರು ಎಂದಷ್ಟೇ ಕಾಣುತ್ತಾರೆ. ನೆಂಟಸ್ತಿಕೆಗೆ ಬಂದವರೋ, ಹಸಿದು ಬಂದವರೋ ಅಲ್ಲಿಂದ ಕಾಣುವುದಿಲ್ಲ. ಲಗ್ನಪತ್ರಿಕೆಯ ಮೇಲೆ ಅವಳೇ ಕೈಯಾರೆ ನನ್ನ ಹೆಸರು ಬರೆದಿದ್ದಳು. ಅದನ್ನೂ ನಾನು ಗುಂಡೆಂದೇ ತಿಳಿದಿದ್ದೆ.

ತೋಪನ್ನು ಮುಟ್ಟಿದೆ. ಬಿಸಿಲಿನ ಊರು, ಆದರೂ ಲೋಹ ತಣ್ಣಗಿತ್ತು. 1854ರಲ್ಲಿ ಬ್ರಿಟಿಷರು ಇದನ್ನು ಹರಾಜಿಗಿಟ್ಟಾಗ ನೂರೈವತ್ತು ರೂಪಾಯಿಗೆ ಹೋಗಿತ್ತಂತೆ. ಆಮೇಲೆ ಆ ಮಾರಾಟವನ್ನು ರದ್ದು ಮಾಡಿದರು. ರಣರಂಗದ ಒಡೆಯನ ಬೆಲೆ ಅಷ್ಟೆ! ನಾನು ಹನ್ನೊಂದು ವರ್ಷ ಕಾದಿಟ್ಟುಕೊಂಡ ಛಲಕ್ಕೆ ಯಾರಾದರೂ ಎಷ್ಟು ಕೊಟ್ಟಾರು?

ಕತ್ತಲಾಗುವ ಹೊತ್ತಿಗೆ ಮದುವೆಮನೆಯ ಬಾಗಿಲಲ್ಲಿ ನಿಂತಿದ್ದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಹಿಟ್ಟಿನ ಕೈಯಲ್ಲೇ ಅವಳು ಹೊರಗೆ ಬಂದಳು. ಕೂದಲು ನನಗಿಂತ ಬೆಳ್ಳಗಾಗಿತ್ತು. ಒಂದು ಗಳಿಗೆ ನೋಡಿದಳು.

"ಅಕ್ಕಾರ, ಕೈಕಾಲು ತೊಳಕೋರಿ. ಊಟಕ್ಕ ಬಡಸ್ತೀನಿ" ಎಂದಳು.

ಹಳೆಯ ಮಾತನ್ನು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ತೆಗೆಯಬೇಕಿತ್ತೇನೋ, ಇನ್ನೂ ತಿಳಿಯದು. ಅಂದು ಮಾತ್ರ ಹೊಟ್ಟೆ ತುಂಬ ಉಂಡೆ.