ನಾಲ್ಕನೇ ಮಗ್ಗಲು

ತಿಳವಳ್ಳಿಯ ಶಾಂತೇಶ್ವರ ಗುಡಿ ದಾಟಿ ಊರ ಹೊರಗೆ ಬಂದರೆ ಒಂದು ಗೋವಿನಜೋಳದ ಹೊಲ. ಮೂರು ಕಡೆ ಹಳ್ಳ ಬಳಸಿದೆ. ನಾಲ್ಕನೇ ಕಡೆ, ದಾರಿಯ ಮಗ್ಗಲಿಗೆ, ಕಾಕಾ ತಂತಿ ಬೇಲಿ ಎಳೆಯುತ್ತಿದ್ದಾರೆ. ಧಾರವಾಡದಲ್ಲಿ ಇತಿಹಾಸ ಓದುವ ಅಣ್ಣನ ಮಗಳು ರಜೆಗೆ ಬಂದಿದ್ದಾಳೆ. ಗೂಟ ಹಿಡಿಯುವ ಕೆಲಸ ಅವಳದು.

ಹುಡುಗಿ: ಕಾಕಾ, ನೀವು ಕಟ್ಟಾಕತ್ತಿದ್ದು ಬೇಲಿ ಅಲ್ಲ, ಕೋಟೆ.

ಕಾಕಾ: ಹೌದೇನ? ಹಂಗಾರ ನನ್ನ ರಾಜಾ ಅನ್ನು. ಗೂಟ ನೆಟ್ಟಗ ಹಿಡಿ ಮೊದಲ.

ಹುಡುಗಿ: ಚಾಷ್ಟಿ ಅಲ್ರಿ. ಲೋಕದ ತುಂಬಾ ಹಿಂಗ ಒಂದು ಜಾತಿ ಕೋಟೆ ಅದಾವ. ಗುಡ್ಡ ಮೂಗಿನಂಗ ಮುಂದ ಚಾಚಿರತೈತಿ. ಮೂರು ಕಡೆ ನೀರು, ಇಲ್ಲಾ ಕಡಿದಾದ ಇಳಿಜಾರು. ನೆಲ ಕೂಡೋ ನಾಲ್ಕನೇ ಕಡೆಗೆ ಮಾತ್ರ ಒಂದು ಅಡ್ಡಗೋಡೆ, ಅದರ ಮುಂದ ಕಂದಕ. ಅಷ್ಟರಾಗ ಕೆಲಸ ಮುಗೀತು.

ಕಾಕಾ: ಬನವಾಸಿಗೆ ಹೋಗೀ ಇಲ್ಲ? ಅಲ್ಲೂ ಮೂರು ಕಡೆ ವರದಾ ಹೊಳಿ ಬಳಸೇತಿ. ನೀರು ಪುಕ್ಕಟೆ ಕಾವಲುಗಾರ. ನನಗೂ ತಂತಿ ಖರ್ಚು ಉಳೀತು.

ಹುಡುಗಿ: ಬನವಾಸಿ ಹೆಸರು ಎರಡನೇ ಶತಮಾನದ ಗ್ರೀಕ ಟಾಲೆಮಿ ಬರದಾನ. ನಾ ಹೇಳೂದು ಬರವಣಿಗಿ ಇಲ್ಲದ ಕಾಲದ್ದು. ಅಕ್ಷರ ಇಲ್ಲ, ರಾಜನ ಹೆಸರಿಲ್ಲ, ಬರೇ ಗೋಡೆ. ಅದು ಯಾಕ ಎದ್ದಿತು ಅಂದ್ರ ಒಂದೇ ಉತ್ತರ: ಅಂಜಿಕಿ. ಹೊರಗ ವೈರಿ ಇದ್ದ.

ಕಾಕಾ: ಈ ಬೇಲಿ ಯಾರಿಗಂತ?

ಹುಡುಗಿ: ಹಂದಿಗೆ.

ಕಾಕಾ: ಈ ವರ್ಷ ಹಂದಿಗೆ. ನಿಮ್ಮಜ್ಜ ಇದೇ ಸಾಲಿನ್ಯಾಗ ಕಳ್ಳಿ ಹಚ್ಚಿದ್ದು ಕುರಿ ಹಾಯಬಾರದಂತ. ನಡುವ ಹತ್ತು ವರ್ಷ ಅದು ಬಾಜೂದವರ ಕೂಡ ಬದುವಿನ ಜಗಳಕ್ಕ ಗುರುತಾಗಿತ್ತು. ಸಾಲು ಒಂದೇ, ಕಾರಣ ಮೂರು. ನಾಳೆ ಯಾರರೆ ಅಗದ್ರ ಗೂಟದ ಕುಣಿ ಸಿಗತಾವ. ಕುಣಿಯೊಳಗ ಕಾರಣ ಸಿಗತೈತೇನು?

ಹುಡುಗಿ: (ಗೂಟ ಸಡಿಲ ಬಿಟ್ಟು) ಇದ ಪೇಚು ನೋಡ್ರಿ. ಮಾರ್ಟಿಮರ್ ವೀಲರ್ ಅಂತ ಒಬ್ಬ ಇದ್ದ. 1947ರಾಗ ನಮ್ಮ ಚಿತ್ರದುರ್ಗ ಕಡೆ, ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ ಅಗದವ ಅವನ. ಅದಕ್ಕೂ ಮೊದಲ, 1934ರಿಂದ 37ರ ತನ ಇಂಗ್ಲೆಂಡಿನ ಮೇಡನ್ ಕ್ಯಾಸಲ್ ಅನ್ನೋ ಗುಡ್ಡದ ಕೋಟೆ ಅಗದ. ಬಾಗಲ ಹತ್ರ ಹೆಣಗಳ ಎಲುಬು ಸಿಕ್ಕವು, ಮೈಮ್ಯಾಲೆ ಗಾಯ. ರೋಮನ್ ದಂಡು ಬಂದು ಒಂದೇ ದಿನ ಕೊಂದದ್ದು ಅಂತ ಬರದ. ಓದಿದ್ರ ಸಿನೆಮಾ ನೋಡಿದಂಗ ಆಗತೈತಿ.

ಕಾಕಾ: ಆತ ಏನು ಕೆಲಸದಾಂವ?

ಹುಡುಗಿ: ಮೊದಲನೇ ಮಹಾಯುದ್ಧದಾಗ ತೋಪಿನ ದಳದ ಅಧಿಕಾರಿ.

ಕಾಕಾ: ತಿಳೀತ ಬಿಡು. ಕಮ್ಮಾರನ ಕಣ್ಣಿಗೆ ಕಬ್ಬಿಣ ಮೊದಲ ಕಾಣತೈತಿ.

ಹುಡುಗಿ: ಆಮ್ಯಾಲೆ ಬಂದವರು ಆ ಎಲುಬಿನ ಕಾಲ ಮತ್ತೊಮ್ಮೆ ಅಳದರು. ಒಂದೇ ದಿನ ಸತ್ತವರಲ್ಲ, ಕೆಲವು ದಶಕಗಳಾಗ ಆಗಾಗ ಸತ್ತವರು ಅಂತ 2025ರಾಗ ಹೊರಗ ಬಂತು. ಗಾಯ ಖರೆ, ಕತಿ ಖರೆ ಅಲ್ಲ.

ಕಾಕಾ: ಹಂಗಂತ ಆ ಕೋಟೆಯೊಳಗ ಬರೇ ಭಜನಿ ನಡದಿತ್ತು ಅನ್ನಬ್ಯಾಡ ಮತ್ತ.

ಹುಡುಗಿ: ಇಲ್ರಿ. ಅಲ್ಲೇ ಕವಣೆಗೆ ಆರಿಸಿ ತಂದ ದುಂಡು ಕಲ್ಲು ಸಿಕ್ಕಾವ, ಇಪ್ಪತ್ತು ಸಾವಿರಕ್ಕೂ ಮಿಕ್ಕಿ, ಒಂದೇ ಕಡೆ ಗುಂಪಿ ಹಾಕಿದ್ದು.

ಕಾಕಾ: ಕವಣಿ ನಾವೂ ಬೀಸೀವಿ, ಜ್ವಾಳದ ಹೊಲದಾಗ ಅಟ್ಟ ಏರಿ, ಗುಬ್ಬಿ ಓಡಸಾಕ... (ತಡೆದು) ಇಪ್ಪತ್ತು ಸಾವಿರ ಅಂದಿ? ಅದು ಗುಬ್ಬಿಗಲ್ಲ ಬಿಡು. ಇಲ್ಲಿ ನಾ ಸೋತೆ.

ಹುಡುಗಿ: ಪೂರಾ ಸೋತಿಲ್ರಿ. ಎಸದ ಕಲ್ಲು ದಿಕ್ಕಾಪಾಲಾಗಿ ಬಿದ್ದಿರತಿತ್ತು. ಗುಂಪಿ ಹಂಗ ಉಳದೈತಿ ಅಂದ್ರ ಆ ಕಲ್ಲು ಯಾರೂ ಎಸದಿಲ್ಲ. ಅವರು ದಾರಿ ಕಾದ ಯುದ್ಧ ಅದು, ಆದ ಯುದ್ಧ ಅಲ್ಲ.

ಕಾಕಾ: ಆಗದ ಯುದ್ಧಕ್ಕೂ ಕಲ್ಲು ಹೊತ್ತವರ ಬೆನ್ನು ನೋವಾಗಿರತೈತಿ. ಗೋಡೆ ನೋಡಿದ್ರ ನನಗ ಮೊದಲ ಕಾಣೂದು ಅದ. ಯಾರ ವಿರುದ್ಧ ಅನ್ನೂದು ಆಮ್ಯಾಲಿಂದು. ಎಷ್ಟು ಮಂದಿ ಹೊತ್ತರು? ಎಷ್ಟು ದಿನ? ಅವರಿಗೆ ಬುತ್ತಿ ಯಾರು ಕಟ್ಟಿದರು? ನೂರು ಮಂದಿ ಕೂಡಿ ಕಲ್ಲು ಹೊತ್ತರ, ಹೊರತಿರೂವಾಗ ಅವರು ಒಂದು ಊರಾಗತಾರ. ಹೊರಗಿನಾಂವ ಯಾರಂತ ಗೊತ್ತಾಗೂದಕ್ಕಿಂತ ಮೊದಲ ಒಳಗಿನವರು ಯಾರಂತ ಗೊತ್ತಾಗತೈತಿ.

ಹುಡುಗಿ: ಅದಕ್ಕ ಗೋಡೆನ ಯಾಕ ಬೇಕು? ಕೆರಿ ತೋಡಿದ್ರೂ ಊರಾಗತೈತಿ. ಹಿರೇಬೆಣಕಲ್ ಗುಡ್ಡದ ಮ್ಯಾಲೆ ನೂರಾರು ಕಲ್ಲುಮನಿ ಅದಾವಲ್ಲ, ಮೋರೇರ ಅಂಗಡಿ ಅಂತಾರ, ಅವುಗಳ ನಡುವೂ ಒಂದು ನೀರಿನ ಹೊಂಡ ಐತಿ. ಗೋಡೆ ಕಟ್ಟಿದವರು ಮಾತ್ರ ಇನ್ನೊಬ್ಬನ್ನ ಹೊರಗ ಇಟ್ಟಾರ. ಹೊರಗ ಉಳದಾಂವನ ಬೆನ್ನು ನೋವು ಯಾರು ಕೇಳತಾರ?

ಕಾಕಾ: ಊಂ. ಹಂದಿಗೆ ಕೇಳಬೇಕು.

ಹುಡುಗಿ: ದನಕ್ಕೂ ಕೇಳಬಹುದು. ನಮ್ಮ ಕಡೆ ಬಾಳ ಹಳೇ ಆವರಣ ಅಂದ್ರ ದನದ ದೊಡ್ಡಿ. ಆಲ್ಚಿನ್ ಅನ್ನಾಂವ 1957ರಾಗ ಕೃಷ್ಣಾ ಹೊಳಿ ಆಚೆ ಉಟ್ನೂರಾಗ ಬೂದಿದಿಬ್ಬ ಅಗದ್ರ, ಸುತ್ತ ಗೂಟದ ಬೇಲಿ, ಒಳಗ ದನದ ಗೊರಸಿನ ಗುರುತು. ಹಂಪಿ ಹತ್ರ ನಿಂಬಾಪುರದಾಗ ಅಂಥದ ದಿಬ್ಬಕ್ಕ ವಾಲಿಯ ಬೂದಿ ಅಂತಾರ ಮಂದಿ. ಸಗಣಿ ಸುಟ್ಟ ಬೂದಿ ಅಂತಾರ ಅಗದವರು.

ಕಾಕಾ: ದನ ಅಂದ್ರ ಜಗಳ ಬಂತ. ನಮ್ಮ ಸೀಮಿಯೊಳಗ ಎಷ್ಟು ವೀರಗಲ್ಲು ತುರು ಬಿಡಿಸಾಕ ಹೋಗಿ ಸತ್ತವರವು! ನೋಡು, ನಾನ ನಿನ್ನ ಕಡೆ ವಾದ ಮಾಡಾಕತ್ತೇನಿ.

ಹುಡುಗಿ: ವೀರಗಲ್ಲು ಬ್ಯಾರೆ. ಅದರ ಮ್ಯಾಲೆ ಚಿತ್ರ ಐತಿ, ಅಕ್ಷರ ಐತಿ. ಹಾನಗಲ್ಲಿಗೆ ಹೊಯ್ಸಳ ಬಲ್ಲಾಳ 1196ರಾಗ ಮುತ್ತಿಗಿ ಹಾಕಿದ ಅಂತ ನಮಗ ಗೊತ್ತಾಗಿದ್ದು ಗೋಡೆಯಿಂದ ಅಲ್ಲ, ಶಾಸನದಿಂದ. ಶಾಸನ ಇಲ್ಲದಿದ್ರ ಹಾನಗಲ್ಲಿನ ಕೋಟೆನೂ ನಿಮ್ಮ ಗೂಟದ ಕುಣಿ ಇದ್ದಂಗ.

ಕಾಕಾ: ಶಾಸನ ಬರಸಿದಾಂವ ತನ್ನ ಮಗ್ಗಲಿಂದು ಬರಸಿರತಾನ. ಮೂಕ ಗೋಡೆ ಸುಳ್ಳರೆ ಹೇಳೂದಿಲ್ಲ.

ಹುಡುಗಿ: ಅದು ಹೇಳೂದಿಲ್ಲ, ನಾವು ಅದರ ಬಾಯಿಂದ ಹೇಳಸತೀವಿ. ವೀಲರ್ ಬ್ರಹ್ಮಗಿರಿಯೊಳಗೂ ಹಂಗ ಮಾಡಿದ. ಕಬ್ಬಿಣದ ಮಂದಿ ಕ್ರಿ.ಪೂ. 200ರ ಸುಮಾರಿಗೆ ಬಂದು ಕಲ್ಲುಕೊಡಲಿ ಮಂದಿ ಮ್ಯಾಲೆ ನೆಲಿಸಿದರು ಅಂದ. ಅದನ್ನ ತಿದ್ದಿದ ಊರು ಯಾವುದು ಗೊತ್ತೇನ್ರಿ? ಇಲ್ಲೇ ಹಿರೇಕೆರೂರು ಸೀಮಿಯ ಹಳ್ಳೂರು, ತುಂಗಭದ್ರಾ ದಂಡಿ. ಎಂ. ಎಸ್. ನಾಗರಾಜರಾವ್ 1965ರಾಗ ಅಗದರು. ಕಲ್ಲುಕೊಡಲಿ ಮಂದಿಯ ದುಂಡನೆ ಮನಿಗಳ ನೆಲ ಸಿಕ್ಕವು. ಮ್ಯಾಲಿನ ಪದರದಾಗ ಹಳೇ ಸಾಮಾನಿನ ಜೋಡಿನ ಕಬ್ಬಿಣದ ಬಾಣದ ಮೊನಿ ಸಿಕ್ಕವು. ಇದ್ದಲಿ ಪರೀಕ್ಷೆ ಮಾಡಿದ್ರ ಹತ್ತತ್ರ ಕ್ರಿ.ಪೂ. 1000. ಒಂದೇ ಏಟಿಗೆ ಕಬ್ಬಿಣ ಎಂಟುನೂರು ವರ್ಷ ಹಿಂದಕ್ಕ ಹೋತು.

ಕಾಕಾ: ಹಳೇದೂ ಹೊಸದೂ ಜೋಡಿನ ಸಿಕ್ಕವು ಅಂದ್ರ ಒಬ್ಬರನ್ನೊಬ್ಬರು ಓಡಿಸಿಲ್ಲ.

ಹುಡುಗಿ: ಇರಬಹುದು. ಪದರ ಕೂಡ್ಯಾವ ಅಂತ ಮಂದಿನೂ ಕೂಡಿದರು ಅಂದ್ರ, ವೀಲರ್ ಮಾಡಿದ್ದನ್ನ ನಾವು ತಿರುಗಿ ಹಾಕಿದಂಗ. ಅವ ಯುದ್ಧ ಕಂಡ, ನಮಗ ಬೀಗತನ ಕಾಣತೈತಿ.

ಕಾಕಾ: (ತಂತಿ ಬಿಗಿಯುತ್ತ) ಹಂಗಾರ ಒಂದು ಹೇಳು. ಈ ಬೇಲಿ ಛಲೋ ಕೆಲಸ ಮಾಡಿತು ಅಂತ ತಿಳಿ. ಒಂದೂ ಹಂದಿ ಒಳಗ ಬರಲಿಲ್ಲ. ಸಾವಿರ ವರ್ಷದ ಮ್ಯಾಲೆ ಅಗದಾಂವಗ ಇಲ್ಲಿ ಹಂದಿ ಎಲುಬು ಸಿಗೂದಿಲ್ಲ. ‘ಈ ಕಾಲಕ್ಕ ಹಂದಿನ ಇರಲಿಲ್ಲ’ ಅಂತ ಬರೀತಾನಲ್ಲ?

ಹುಡುಗಿ: ಬರೀತಾನ. ಪೂರಾ ಗೆದ್ದ ಗೋಡೆ ತನ್ನ ವೈರಿಯ ಗುರುತನ್ನ ಉಳಸೂದಿಲ್ಲ. ಇದನ್ನ ಬರಕೊಳ್ಳಲೇನ್ರಿ? ನಮ್ಮ ಸರ್‌ಗೆ ಕೇಳತೀನಿ.

ಕಾಕಾ: ಬರಕೋ. ಆದ್ರ ಮೊದಲ ಆ ಕೆಳಗಿನ ಮಡಿ ನೋಡು. ಗೋವಿನಜೋಳ ಯಾಕ ಮಲಗೇತಿ?

(ಇಬ್ಬರೂ ಹಳ್ಳದ ಕಡೆ ಇಳಿಯುತ್ತಾರೆ. ಈ ಸಲ ಮಳೆ ಕೈಕೊಟ್ಟು ಹಳ್ಳದಲ್ಲಿ ಬರೀ ಕೆಸರು. ತೆನೆ ಮುರಿದು ಜಗಿದ ದಂಟು ಚೆಲ್ಲಾಡಿದೆ.)

ಹುಡುಗಿ: ಕಾಕಾ, ಗೊರಸು. ಹಸೀ ಐತಿ ಇನ್ನೂ.

ಕಾಕಾ: ಎಷ್ಟದಾವ?

ಹುಡುಗಿ: ದೊಡ್ಡವು ಎರಡು. ಮರಿ... ನಾಲ್ಕು, ಐದು. ಈ ದಂಡಿಯಿಂದ ಏರ್ಯಾವ, ಅದರಿಂದನ ಇಳದಾವ. ದಾರಿ ಕಡೆ ಒಂದು ಹೆಜ್ಜಿನೂ ಇಲ್ಲ.

ಕಾಕಾ: ತಂತಿ ಎಷ್ಟು ಉಳದೈತಿ ನೋಡ ಬಾ.