ಹೊತ್ತವರ ಋಣ

ಜರ್ಮನಿ, ನಾರ್ವೆ ಮೊದಲಾದ ದೇಶಗಳ ತೇವವುಳ್ಳ ಅಡವಿಗಳಲ್ಲಿ ಬೇಸಗೆಯ ದಿನಗಳಲ್ಲಿ ಒಮ್ಮೊಮ್ಮೆ ಒಂದು ವಿಚಿತ್ರ ದೃಶ್ಯ ಕಾಣಬರುವುದುಂಟು. ಬೂದುಬಣ್ಣದ ಹಾವೊಂದು ನೆಲದ ಮೇಲೆ ಮೆಲ್ಲನೆ ಸರಿಯುತ್ತಿರುವಂತೆ ತೋರುವುದು. ಬಳಿಸಾರಿ ನೋಡಿದರೆ ಅದು ಹಾವಲ್ಲ, ಸಾವಿರಾರು ಹುಳುಗಳ ಸಾಲು. ಇವು ಸಿಯಾರಾ ಮಿಲಿಟಾರಿಸ್ ಎಂಬ ಕಿರುನೊಣದ ಮರಿಗಳು. ಒಂದೊಂದರ ಉದ್ದ 1 ಸೆಂಟಿಮೀಟರಿನಷ್ಟೂ ಇರದು. ಸಾಲು ಮಾತ್ರ ಹಲವು ಮೀಟರುಗಳಷ್ಟು ಬೆಳೆಯಬಲ್ಲುದು. ಕಾಲಿಲ್ಲದ ಈ ಹುಳುಗಳು ಮೈಯ ಅಂಟುದ್ರವದಿಂದ ಒಂದಕ್ಕೊಂದು ಹತ್ತಿಕೊಂಡು ಸಾಗುವುವು. ಜರ್ಮನರು ಇದನ್ನು ಹೇರ್‌ವುರ್ಮ್, ಎಂದರೆ ದಂಡಿನ ಹುಳು, ಎಂದು ಕರೆದರು. ಹಿಂದಿನ ಹಳ್ಳಿಗರು ಇದು ಯುದ್ಧಕ್ಕೋ ಬರಗಾಲಕ್ಕೋ ಶಕುನವೆಂದು ಅಂಜುತ್ತಿದ್ದರು.

ಕೊಳೆತ ಎಲೆಯನ್ನು ತಿಂದು ಬದುಕುವ ಹುಳುವಿಗೆ ಅರಸರ ಯುದ್ಧದ ಅರಿವೆಲ್ಲಿಯದು? ಶಕುನವಿದ್ದುದು ಹುಳುವಿನಲ್ಲಲ್ಲ, ನೋಡಿದವರ ಭಯದಲ್ಲಿ.

ಭಯವನ್ನು ಕಳೆದು ನೋಡಿದವನಿಗೆ ಅಲ್ಲಿ ಬೇರೊಂದು ಕಾಣುವುದು. ಒಂದರ ಬೆನ್ನನ್ನೇರಿ ಇನ್ನೊಂದು ಹುಳು ಸರಿಯುವುದು. ಚಲಿಸುವ ಬೆನ್ನಿನ ಮೇಲೆ ನಡೆವುದಕ್ಕೆ ತನ್ನ ವೇಗದೊಡನೆ ಕೆಳಗಿನದರ ವೇಗವೂ ಕೂಡುವುದು. ಮುಂತುದಿಯನ್ನು ಮುಟ್ಟಿದೊಡನೆ ಅದು ನೆಲಕ್ಕಿಳಿದು ತಾನೇ ಮತ್ತೊಂದಕ್ಕೆ ದಾರಿಯಾಗುವುದು.

ಇದನ್ನು ಪರೋಪಕಾರವೆಂದು ಕೊಂಡಾಡೋಣವೆ? ಅದೂ ಶಕುನ ನೋಡಿದಷ್ಟೇ ತಪ್ಪು. ಸಂಕಲ್ಪವಿಲ್ಲದೆಡೆ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ತನ್ನನ್ನು ಮತ್ತೊಂದು ಹೊತ್ತಿತೆಂಬುದು ಹುಳುವಿಗೆ ತಿಳಿಯದು, ಮನುಷ್ಯನು ತಿಳಿಯಬಲ್ಲನು. ಅರಿವುಳ್ಳವನಿಗೆ ಮಾತ್ರವೇ ಋಣ.

ಈ ಮಾತನ್ನು ಪರರಿಗೆ ಹೇಳುವ ಮುನ್ನ ನನಗೇ ಹೇಳಿಕೊಳ್ಳತಕ್ಕದ್ದು. ನಾನು ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವನು. ಆ ಜೋಳವನ್ನು ಬೆಳೆದು ಕೊಟ್ಟವರ ಹೆಸರನ್ನು ಒಂದು ದಿನವಾದರೂ ಕೇಳಲಿಲ್ಲ. ಉಪಾಧ್ಯಾಯನಾದ ಮೇಲೆ ಎಲ್ಲವೂ ನನ್ನ ಪಾಂಡಿತ್ಯದ ಫಲವೆಂದೇ ಬಗೆದೆನು. ಮಂದಬುದ್ಧಿಯೆಂದು ಒಬ್ಬ ಹುಡುಗನನ್ನು ಹಿಂದಿನ ಸಾಲಿಗೆ ಕಳುಹಿದ ದಿನ ನನ್ನ ಬೆನ್ನು ಯಾರಿಗೂ ದಾರಿಯಾಗಿರಲಿಲ್ಲ. ಅದು ನೆನಪಾದಾಗಲೆಲ್ಲ ನಾಚುವೆನು.

ಹೊತ್ತವರು ಇಂದು ಬದುಕಿಲ್ಲವಲ್ಲ, ಋಣವನ್ನು ಯಾರಿಗೆ ಸಲ್ಲಿಸುವುದು ಎಂದು ಸದ್ಭಕ್ತರು ಕೇಳಬಹುದು. ಹಿಂದೆ ಬರುವವರಿಗೆ ಸಲ್ಲಿಸಬೇಕು. ಮನೆಯ ಆಳಿನ ಮಗುವಿನ ಓದು, ನೆರೆಯ ವಿಧವೆಯ ಹೊಲದ ಬಿತ್ತನೆ, ಇವುಗಳಲ್ಲಿ ನಮ್ಮ ಬೆನ್ನಿಗೆ ಕೆಲಸವುಂಟು. ಹುಳು ಅರಿಯದೆ ಇಳಿಯುವುದು. ನಾವು ಅರಿತು ಇಳಿಯಬೇಕು. ಮೇಲೆಯೇ ಕುಳಿತಿರಬೇಕೆಂಬವನು ತನ್ನನ್ನು ಹೊತ್ತವರನ್ನು ಮರೆತವನೇ ಸರಿ.