ನಡೀತದಲ್ಲ, ಇರ್ಲಿ ಬಿಡು

ದಿಲ್‌ಸುಖ್‌ನಗರದಲ್ಲಿ ಕಂಪ್ಯೂಟರ್ ರಿಪೇರಿಗೆ ಬಹಳ ದೂರ ಹೋಗಬೇಕಾಗಿಲ್ಲ. ಮೆಟ್ರೋ ಕಂಬಗಳ ಆಚೀಚೆ ಕೋಚಿಂಗ್ ಸೆಂಟರುಗಳು, ಹಿಂದಿನ ಗಲ್ಲಿಗಳಲ್ಲಿ ಹಾಸ್ಟೆಲುಗಳು, ಹಾಸ್ಟೆಲಿನ ಕೆಳಗೊಂದು ಜೆರಾಕ್ಸ್ ಅಂಗಡಿ, ಅದರ ಪಕ್ಕಕ್ಕೇ ರಿಪೇರಿಯವನು. ನಮ್ಮ ಗಲ್ಲಿಯ ಹುಡುಗ ನನ್ನ ಯಂತ್ರವನ್ನು ನೋಡಿ ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟ: “ಪಾತದಿ ತೀಸೇಯಂಡಿ ಸಾರ್.” ಹಳೇದನ್ನು ತೆಗೆದುಹಾಕಿ ಅಂತ.

ಯಂತ್ರ ಕೆಟ್ಟಿರಲಿಲ್ಲ. 2016ರಲ್ಲಿ ಕೊಂಡದ್ದು, ಒಂದು ದಿನ ಮುನಿಸಿಕೊಂಡಿರಲಿಲ್ಲ. ಆದರೆ ಅದರೊಳಗಿನ ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಬೇಕಾದವರಿಗೆ ಇನ್ನೊಂದು ವರ್ಷದ ಗಡುವು ಇತ್ತು, ಅಷ್ಟೆ. ವಿಂಡೋಸ್ 11ಕ್ಕೆ ಹೋಗೋಣವೆಂದರೆ, ಇಂಟೆಲ್ಲಿನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳಿಗೆ ಅದು ಒಗ್ಗುವುದಿಲ್ಲವೆಂದು ನಿಯಮ. ನನ್ನದು ಆರನೇ ತಲೆಮಾರಿನದು. ಉಳಿದದ್ದು ಮೂರು ದಾರಿ: ಹೊಸ ಯಂತ್ರ ಕೊಳ್ಳುವುದು, ಇದಕ್ಕೇ ಕಾಸಿಲ್ಲದೆ ಸಿಗುವ ಲಿನಕ್ಸ್ ಹಾಕುವುದು, ಇಲ್ಲವೆ ಸುಮ್ಮನಿರುವುದು.

ಸೇಡಂನಲ್ಲಿರುವ ತಮ್ಮನಿಗೆ ಫೋನಿನಲ್ಲಿ ಹೇಳಿದೆ. “ಅಣ್ಣಾ, ನಡೀತದಲ್ಲ, ಇರ್ಲಿ ಬಿಡು. ಛಲೋ ಇದ್ದದ್ದಕ್ಕ ಯಾಕ ಕೈ ಹಚ್ತಿ?” ಅಂದ. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ.

ಇದರಲ್ಲಿ ನೀತಿಯ ಪ್ರಶ್ನೆ ಏನು ಬಂತು, ನನ್ನ ಯಂತ್ರ ನನ್ನ ಇಷ್ಟ, ಎಂದು ನೀವು ಕೇಳಬಹುದು. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ಪೀಡೆ ಬಂದದ್ದು ನಿಮಗೆ ನೆನಪಿರಬಹುದು. ಅದನ್ನು ತಡೆಯುವ ತೇಪೆ ಮಾರ್ಚಿನಲ್ಲೇ ಬಿಡುಗಡೆಯಾಗಿತ್ತು. ಹಾಕಿಕೊಳ್ಳದೆ ಬಿಟ್ಟವರ ಯಂತ್ರದಿಂದ ಯಂತ್ರಕ್ಕೆ ಅದು ಹರಡಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ವಠಾರದಲ್ಲಿ ನನ್ನೊಬ್ಬನ ಬಾಗಿಲಿಗೆ ಚಿಲಕವಿಲ್ಲದಿದ್ದರೆ ಕಳ್ಳ ನನ್ನ ಮನೆಗಷ್ಟೇ ಬರುತ್ತಾನೆಯೇ? ಸುಮ್ಮನಿರುವುದೂ ಒಂದು ಕೆಲಸವೇ, ಅದರ ಫಲ ಇನ್ನೊಬ್ಬರಿಗೂ ತಟ್ಟುತ್ತದೆ. ಹಾಗಂತ ಸರಿಯಾಗಿ ನಡೆಯುವ ಯಂತ್ರವನ್ನು ಗುಜರಿಗೆ ಹಾಕುವುದು ಧರ್ಮವೆ? ಅದಕ್ಕೂ ಮನಸ್ಸು ಒಪ್ಪಲಿಲ್ಲ. ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿ, ಹಳೆಯದನ್ನು ಅಳಿಸದೆಯೇ ಒಮ್ಮೆ ನಡೆಸಿ ನೋಡಿದೆ.

ಎಲ್ಲ ನಡೆಯಿತು, ಒಂದು ಕಡತ ಬಿಟ್ಟು.

2004ರಲ್ಲಿ ಅವ್ವ ನಮ್ಮೊಂದಿಗೆ ಇರಲು ಬಂದಿದ್ದಳು. ವಿಕಾರಾಬಾದ್, ತಾಂಡೂರು ದಾಟಿದರೆ ಸೇಡಂ, ರೈಲಿನಲ್ಲಿ ಅರ್ಧ ದಿನವೂ ಬೇಡ. ಆದರೂ ಈ ಊರಿನಲ್ಲಿ ಅವಳಿಗೆ ಮಾತಿಗೆ ಜನವಿರಲಿಲ್ಲ. ಸಂಜೆ ಹೊತ್ತಿಗೆ ಬೀಸುವ ಪದ ಹೇಳುತ್ತಿದ್ದಳು, ನಾನು ‘ನುಡಿ’ಯಲ್ಲಿ ಟೈಪು ಮಾಡುತ್ತಿದ್ದೆ. ಮೂರು ತಿಂಗಳಲ್ಲಿ ಅರವತ್ತರ ಮೇಲೆ ಹಾಡಾದವು. 2019ರಲ್ಲಿ ಅವ್ವ ಹೋದಳು. ಆ ಕಡತ ಮಾತ್ರ ಒಂದು ಯಂತ್ರದಿಂದ ಇನ್ನೊಂದಕ್ಕೆ ನನ್ನೊಂದಿಗೆ ಬಂತು.

ಈಗ ತೆರೆದರೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಇಂಗ್ಲಿಷ್ ಅಕ್ಷರಗಳು, ಚುಕ್ಕೆ, ಕೊಕ್ಕೆ, ಕಾಸಿನ ಗುರುತು. ಎದೆ ಧಸಕ್ಕೆಂದಿತು.

ಕಾರಣ ಸರಳ. ಆಗ ನಾವೆಲ್ಲ ಬಳಸುತ್ತಿದ್ದ ಫಾಂಟುಗಳು ಇಂಗ್ಲಿಷಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಯೂನಿಕೋಡಿನಲ್ಲಿ ಹಾಗಲ್ಲ, ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನ ಜೊತೆಗೆ ಅದನ್ನು ಮನೆಗೇ ತಂದಿತ್ತು. ಅಂದರೆ 2004ರಲ್ಲಿ ನನಗೆ ಆ ದಾರಿ ತೆರೆದೇ ಇತ್ತು. ಎಲ್ಲರ ಹಾಗೆ ನಾನೂ ರೂಢಿಯ ದಾರಿ ಹಿಡಿದೆ. ನಡೀತದಲ್ಲ!

ನಮ್ಮೂರ ಮನೆಯ ಟ್ರಂಕು ನೆನಪಾಯಿತು. ಅದರಲ್ಲಿ ಅಜ್ಜನ ಕಾಲದ ಜಮೀನಿನ ಕಾಗದಗಳಿವೆ. ನಿಜಾಮರ ಆಡಳಿತದವು, ಉರ್ದುವಿನಲ್ಲಿ. 1948ರಲ್ಲಿ ಆ ಆಡಳಿತ ಮುಗಿಯಿತು, 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯ ಸೇರಿತು. ಒಳ್ಳೆಯದೇ ಆಯಿತು. ಆದರೆ ಆ ಕಾಗದಗಳನ್ನು ಓದಬಲ್ಲ ಅಜ್ಜ ಇದ್ದಾಗ ಯಾರೂ ಅವನ ಪಕ್ಕ ಕೂತು ಕನ್ನಡದಲ್ಲಿ ಬರೆದಿಟ್ಟುಕೊಳ್ಳಲಿಲ್ಲ. ಈಗ ಕಾಗದಕ್ಕೆ ಗೆದ್ದಲು ಹತ್ತಿಲ್ಲ, ಮಸಿ ಮಾಸಿಲ್ಲ, ಆದರೂ ನಮ್ಮ ಪಾಲಿಗೆ ಅದು ಮೂಕ.

ಹಳೆಯ ಫಾಂಟನ್ನು ಹೊಸ ಕಡೆಗೂ ಒಯ್ದಿದ್ದರೆ ನನ್ನ ಕೆಲಸ ನಡೆದುಬಿಡುತ್ತಿತ್ತು. ಆದರೆ ಮಗಳು ತನ್ನ ಫೋನಿನಲ್ಲಿ ತೆರೆದರೆ? ತಮ್ಮ ಸೇಡಂನಲ್ಲಿ ತೆರೆದರೆ? ಪರಿವರ್ತಕ ತಂತ್ರಾಂಶವೊಂದರಿಂದ ಇಡೀ ಕಡತವನ್ನು ಯೂನಿಕೋಡಿಗೆ ತಿರುಗಿಸಿದೆ. ಅಲ್ಲಲ್ಲಿ ಒತ್ತಕ್ಷರ ತಪ್ಪಿದ್ದವು. ಸಾಲು ಸಾಲಾಗಿ ನೋಡಲು ಮಗಳು ಕೂತಳು. ಶಾಲೆಯಲ್ಲಿ ಅವಳು ಕಲಿತದ್ದು ತೆಲುಗು. ಲಿಪಿಗಳು ಅಕ್ಕತಂಗಿಯರಲ್ಲವೆ, ಆ ಬಲದಿಂದಲೇ ತಡವರಿಸಿ ಓದುತ್ತಾ ಹೋದಳು. ತವರಿನಿಂದ ಹೊರಟ ಮಗಳ ಹಾಡೊಂದರಲ್ಲಿ ನಿಂತು ಕೇಳಿದಳು: “ಅಪ್ಪಾ, ಇದು ಸೊರಗಿನಾ, ಸುರಗಿನಾ?”

ಕಡತದಲ್ಲಿ ‘ಸೊರಗಿ’ ಎಂದಿತ್ತು. ಹಾಗಾದರೆ ಹುಡುಗಿ ಬಾಡಿಹೋದಳು ಎಂದರ್ಥ. ‘ಸುರಗಿ’ ಆದರೆ ಹೂವು, ಅವಳು ಮುಡಿದು ಹೊರಟಳು. ಎರಡೂ ಆ ಸಾಲಿಗೆ ಕೂಡುತ್ತದೆ. ಅವ್ವ ಅಂದದ್ದು ಯಾವುದು, ಅವಸರದಲ್ಲಿ ನಾನು ಹೊಡೆದದ್ದು ಯಾವುದು? ಇಂಥ ಕಡೆ ಒಂದಲ್ಲ, ಏಳು ಸಿಕ್ಕವು. ಹದಿನೈದು ವರ್ಷ ಅವ್ವ ಇದ್ದಳು. ಆಗೊಮ್ಮೆ ಈ ಕೆಲಸಕ್ಕೆ ಕೂತಿದ್ದರೆ ಅಡಿಗೆಮನೆಯತ್ತ ತಿರುಗಿ ಕೇಳಬಹುದಿತ್ತು. ಸುಮ್ಮನಿದ್ದುದಕ್ಕೆ ತೆತ್ತ ಬೆಲೆ ಇದು.

ಪರಊರಿನಲ್ಲಿರುವ ನಮ್ಮಂಥವರಿಗೆ ಹಳೆಯದನ್ನು ಹಾಗೇ ಇಟ್ಟುಕೊಳ್ಳುವುದೇ ನಿಷ್ಠೆ ಅನ್ನಿಸುತ್ತದೆ. ಅವ್ವನಿಗೆ ಹಾಗೆ ಅನ್ನಿಸಿರಲಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಬೀಸುಕಲ್ಲನ್ನು ಮೂಲೆಗೆ ಸರಿಸಿ “ರಟ್ಟಿ ಉಳೀತು” ಎಂದವಳು ಅವಳು. ಕಲ್ಲು ಬಿಟ್ಟಳು, ಹಾಡು ಬಿಡಲಿಲ್ಲ. ಕಲ್ಲಿಲ್ಲದೆ, ರಾಗಕ್ಕೆ ತಾಳವಿಲ್ಲದೆ, ದಿಲ್‌ಸುಖ್‌ನಗರದ ಬಾಡಿಗೆ ಮನೆಯಲ್ಲಿ ಕೂತು ಹೇಳಿ ಬರೆಸಿದಳು. ಬದಲಾಯಿಸುವುದು ತಪ್ಪಲ್ಲ, ಬದಲಾಯಿಸದಿರುವುದೂ ತಪ್ಪಲ್ಲ. ನಮ್ಮನ್ನು ನಂಬಿ ಕೊಟ್ಟದ್ದನ್ನು ಮುಂದಿನವರು ತೆರೆಯುವ ಹಾಗೆ ದಾಟಿಸಿದೆವೋ ಇಲ್ಲವೋ ಎಂಬುದಷ್ಟೇ ಲೆಕ್ಕಕ್ಕೆ ಬರುವುದು. ಅದನ್ನು ಕೊಟ್ಟವರು ಇರುವಾಗಲೇ ಮಾಡಬೇಕು.

ಯಂತ್ರವನ್ನು ಗುಜರಿಗೆ ಹಾಕಲಿಲ್ಲ, ಈಗ ಅದರಲ್ಲಿ ಲಿನಕ್ಸ್ ಇದೆ. ಹಾಡುಗಳನ್ನು ತಮ್ಮನಿಗೆ ಕಳಿಸಿದೆ. ಅವನು ಫೋನ್ ಹಿಡಿದು ಚಿಗವ್ವನ ಮುಂದೆ ಕೂತು ಓದಿ ಹೇಳಿದನಂತೆ. ಏಳರಲ್ಲಿ ಐದನ್ನು ಅವಳು ತಿದ್ದಿಕೊಟ್ಟಳು. ಸುರಗಿಯ ಸಾಲು ಬಂದಾಗ ಬಹಳ ಹೊತ್ತು ಸುಮ್ಮನಿದ್ದು, “ಅಕ್ಕ ಹೆಂಗ ಅಂತಿದ್ಲೋ ಏನೋ, ನೆನಪಿಲ್ಲಪಾ” ಅಂದಳಂತೆ. ಕಡತದಲ್ಲಿ ಎರಡನ್ನೂ ಅಕ್ಕಪಕ್ಕ ಬರೆದಿಟ್ಟಿದ್ದೇನೆ.